ದುಡಿಯುವವರ ಮಾತು ರೆಕಾರ್ಡ್ ಮಾಡಿಕೊಳ್ಳುವುದು ಹೇಗೆ

‘ನಿಮ್ಮ ಕೆಲಸದ ಬಗ್ಗೆ ಸ್ವಲ್ಪ ಹೇಳಿ’ ಎಂದು ಕೇಳಿ ನೋಡಿ. ‘ಅಯ್ಯೋ, ಏನಿದೆ ಹೇಳಕ್ಕೆ, ಬೆಳಿಗ್ಗೆ ಹೋಗ್ತೀವಿ, ಸಾಯಂಕಾಲ ಬರ್ತೀವಿ’ ಅನ್ನುವ ಉತ್ತರ ಬರುತ್ತದೆ. ಅಲ್ಲಿಗೆ ಮಾತು ಮುಗಿಯಿತು. ಹೇಳುವವರಿಗೆ ಮಾತು ಬರುವುದಿಲ್ಲ ಅಂತಲ್ಲ, ಕೇಳಿದ ಪ್ರಶ್ನೆಗೆ ಹಿಡಿಕೆ ಇಲ್ಲ. ಅದೇ ಜನಕ್ಕೆ ‘ನಿನ್ನೆ ಎಷ್ಟು ಗಂಟೆಗೆ ಎದ್ರಿ?’ ಎಂದು ಕೇಳಿದರೆ ಅರ್ಧ ಗಂಟೆ ನಿಲ್ಲಿಸದೆ ಮಾತಾಡುತ್ತಾರೆ.

ಬೆಂಗಳೂರಿನ ಸಾರ್ವಜನಿಕ ಉದ್ಯಮಗಳಾದ ಐಟಿಐ, ಬಿಇಎಲ್ ಅಥವಾ ಎಚ್‌ಎಂಟಿಯಲ್ಲಿ ದುಡಿದು ನಿವೃತ್ತರಾದ ಅಪ್ಪ, ಗಾರ್ಮೆಂಟ್ಸ್‌ಗೆ ಹೋಗುವ ಪಕ್ಕದ ಮನೆಯ ಅಕ್ಕ, ಬೀದಿ ಕೊನೆಯ ಇಸ್ತ್ರಿ ಅಂಗಡಿಯವರು, ದಿನವೂ ಹೂವು ಕೊಡುವವರು, ಇಂಥವರ ಮಾತನ್ನು ಉಳಿಸಿಕೊಳ್ಳಬೇಕು ಅನ್ನಿಸಿದವರಿಗಾಗಿ ಈ ಬರಹ. ಸ್ಟುಡಿಯೋ ಬೇಡ, ಕ್ಯಾಮೆರಾವಂತೂ ಬೇಡವೇ ಬೇಡ. ಒಂದು ಫೋನು, ಒಂದು ಕಾಲರ್ ಮೈಕ್, ಒಂದು ನೋಟ್‌ಬುಕ್ಕು, ಪೆನ್ನು ಇದ್ದರೆ ಸಾಕು. ಕ್ಯಾಮೆರಾ ಕಂಡ ಕೂಡಲೇ ಜನ ಸೆರಗು ಸರಿ ಮಾಡಿಕೊಂಡು ಟೀವಿ ಭಾಷೆಗೆ ತಿರುಗಿಬಿಡುತ್ತಾರೆ.

ಹೊತ್ತು ನೋಡಿ ಹೋಗಿ

ಒಂದೊಂದು ಕೆಲಸಕ್ಕೂ ಒಂದು ಸಡಿಲ ಹೊತ್ತು ಇರುತ್ತದೆ. ಕೆ.ಆರ್. ಮಾರ್ಕೆಟ್ಟಿನ ಹೂವಿನವರನ್ನು ಬೆಳಗಿನ ಜಾವ ಮಾತಾಡಿಸಲು ಹೋದರೆ ಬೈಸಿಕೊಳ್ಳುತ್ತೀರಿ. ಅದು ವ್ಯಾಪಾರದ ಹೊತ್ತು, ಅದರಲ್ಲೂ ಬೋಣಿಗೆ ಮುಂಚೆ ಪ್ರಶ್ನೆ ಕೇಳಲೇಬಾರದು. ಬೀದಿಯಲ್ಲಿ ಕೂತು ಹೂವು ಕಟ್ಟುವವರಾದರೆ ಮಧ್ಯಾಹ್ನ ಒಳ್ಳೆಯದು. ಕೈ ಕಟ್ಟುತ್ತಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ದರ್ಶಿನಿಯ ಅಡುಗೆಯವರು ಊಟದ ಗಿರಾಕಿ ಮುಗಿದು ಸಂಜೆ ಕಾಫಿಯವರು ಬರುವ ತನಕ, ಅಂದರೆ ಹೆಚ್ಚುಕಡಿಮೆ 3ರಿಂದ 4ರವರೆಗೆ ಸಿಗುತ್ತಾರೆ. ಆಟೋದವರು ಮಧ್ಯಾಹ್ನ ಸ್ಟ್ಯಾಂಡಿನಲ್ಲಿ ಮರದ ನೆರಳಿಗೆ ನಿಲ್ಲಿಸಿದಾಗ. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ ಭಾನುವಾರ ಒಂದೇ ರಜೆ, ಆವತ್ತು ಬಟ್ಟೆ ಒಗೆದು ಅಡುಗೆ ಮುಗಿಯುವ ತನಕ ಬಾಗಿಲು ಬಡಿಯಬೇಡಿ. ಪೌರಕಾರ್ಮಿಕರನ್ನು ಕೆಲಸದ ಜಾಗದಲ್ಲಿ ಕೇಳುವುದಕ್ಕಿಂತ ಕೆಲಸ ಮುಗಿಸಿ ಮನೆಗೆ ಬಂದ ಮೇಲೆ ಕೇಳಿ. ಜಾಗದಲ್ಲಿ ಮೇಸ್ತ್ರಿ ಇರುತ್ತಾರೆ. ಮೇಸ್ತ್ರಿ ಎದುರು ಎಲ್ಲವೂ ಚೆನ್ನಾಗಿಯೇ ಇರುತ್ತದೆ.

ಒಂದು ಸಲಕ್ಕೆ 45 ನಿಮಿಷದಿಂದ 1 ಗಂಟೆ ಸಾಕು. ಒಬ್ಬರೊಂದಿಗೆ 2 ಗಂಟೆ ಒಂದೇ ಪಟ್ಟಿಗೆ ಕೂರುವುದಕ್ಕಿಂತ 1 ಗಂಟೆಯಂತೆ ಎರಡು ದಿನ ಕೂರುವುದು ಮೇಲು. ಮೊದಲ ದಿನ ರಾತ್ರಿ ಅವರಿಗೆ ನೆನಪಾದದ್ದೆಲ್ಲ ಎರಡನೇ ದಿನಕ್ಕೆ ಬರುತ್ತದೆ.

ಮಾತು ಎತ್ತುವಾಗ ‘ಇಂಟರ್‌ವ್ಯೂ’ ಎಂಬ ಪದ ಬಳಸಬೇಡಿ, ಅದು ಕೆಲಸ ಕೇಳಿಕೊಂಡು ಹೋಗಿ ಬೈಸಿಕೊಂಡು ಬಂದದ್ದನ್ನು ನೆನಪಿಸುತ್ತದೆ. ‘ಅಕ್ಕ, ನಿಮ್ ಕೆಲಸದ ವಿಚಾರ ಕೇಳಿ ಬರ್ಕೋಬೇಕು ಅಂತಿದೀನಿ, ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಲಾ?’ ಅಷ್ಟೇ ಹೇಳಿ. ಯಾವುದಕ್ಕೆ, ಯಾರು ಕೇಳುತ್ತಾರೆ, ಹೆಸರು ಹಾಕುತ್ತೀರೋ ಇಲ್ಲವೋ ಎಂಬುದನ್ನು ಮೊದಲೇ ಬಿಡಿಸಿ ಹೇಳಬೇಕು. ಕಾಗದಕ್ಕೆ ಸಹಿ ಹಾಕಿಸಲು ಹೋಗಬೇಡಿ. ಸೈನು, ಹೆಬ್ಬೆಟ್ಟು ಅಂದರೆ ಸಾಲ ಕೊಡುವವರ ನೆನಪು ಬರುತ್ತದೆ. ರೆಕಾರ್ಡಿಂಗ್ ಶುರುವಾದ ಕೂಡಲೇ ತಾರೀಖು, ಜಾಗ ಹೇಳಿ, ‘ರೆಕಾರ್ಡ್ ಮಾಡ್ಕೋಬೋದಾ?’ ಎಂದು ಇನ್ನೊಮ್ಮೆ ಕೇಳಿ, ಅವರ ‘ಹೂಂ, ಮಾಡ್ಕೊಳಿ’ ಅದರಲ್ಲೇ ದಾಖಲಾಗಲಿ.

ವಯಸ್ಸು ಎಷ್ಟೇ ಇರಲಿ, ‘ನೀವು’ ಬಿಡಬಾರದು. ಅಣ್ಣ, ಅಕ್ಕ, ಅಮ್ಮ, ಯಜಮಾನ್ರೇ, ಯಾವುದು ಬಾಯಿಗೆ ಸಹಜವಾಗಿ ಬರುತ್ತದೋ ಅದು. ಮನೆಗೆಲಸದವರನ್ನೂ ಪೌರಕಾರ್ಮಿಕರನ್ನೂ ಇಡೀ ದಿನ ಏಕವಚನದಲ್ಲಿ ಕರೆಯುವ ಊರಿದು. ನೀವು ಬಹುವಚನ ಹಚ್ಚಿದ್ದು ಅವರ ಕಿವಿಗೆ ಬೀಳದೆ ಇರುವುದಿಲ್ಲ.

ಅವರ ಹೊತ್ತು ಹಾಳಾದರೆ ಅದಕ್ಕೆ ದುಡ್ಡು ಕೊಡಬೇಕೋ ಬೇಡವೋ? ಕೊಡಬೇಕು ಎಂಬುದೇ ಸರಿಯಾದ ಉತ್ತರ. ಆದರೆ ಒಳ್ಳೆಯ ಮಾತಿಗೆ ಇನಾಮು ಕೊಟ್ಟ ಹಾಗೆ ಕೊನೆಯಲ್ಲಿ ಕೈಗೆ ತುರುಕುವುದಲ್ಲ. ‘ಒಂದು ಗಂಟೆ ಕೂತ್ರೆ ನಿಮಗೆ ಎಷ್ಟು ಬಾಡಿಗೆ ತಪ್ಪುತ್ತೆ?’ ಎಂದು ಆಟೋದವರನ್ನು ಮೊದಲೇ ಕೇಳಿ, ಅಷ್ಟನ್ನು ಮುಂಚೆಯೇ ಕೊಟ್ಟುಬಿಡಿ. ಆಮೇಲೆ ಹೇಳುವುದು ಬಿಡುವುದು ಅವರ ಇಷ್ಟ.

ಫೋನು, ಮೈಕು, ಕುಕ್ಕರಿನ ಸೀಟಿ

ಫೋನನ್ನು ಫ್ಲೈಟ್ ಮೋಡಿಗೆ ಹಾಕುವುದು ಎಲ್ಲಕ್ಕಿಂತ ಮೊದಲು. ನಡುವೆ ಒಂದು ಕಾಲ್ ಬಂದರೆ ಕೆಲವು ಫೋನುಗಳಲ್ಲಿ ರೆಕಾರ್ಡಿಂಗ್ ನಿಂತುಹೋಗುತ್ತದೆ, ನಿಂತದ್ದು ಗೊತ್ತೂ ಆಗುವುದಿಲ್ಲ. ರೆಕಾರ್ಡರ್ ಆ್ಯಪಿನ ಸೆಟ್ಟಿಂಗಿನಲ್ಲಿ ವೇವ್ ಫೈಲ್ ಇದ್ದರೆ ಅದನ್ನು ಆರಿಸಿ. ಮೊನೊ, 16 ಬಿಟ್, 44.1 ಕಿಲೋಹರ್ಟ್ಸ್‌ನಲ್ಲಿ 1 ಗಂಟೆಗೆ ಸುಮಾರು 318 ಎಂಬಿ ಜಾಗ ಹಿಡಿಯುತ್ತದೆ. ಅಷ್ಟು ಜಾಗ ಇಲ್ಲದಿದ್ದರೆ 128 ಕೆಬಿಪಿಎಸ್‌ನ ಎಂಪಿ3 ಅಥವಾ ಎಂ4ಎ ಸಾಕು, ಗಂಟೆಗೆ 58 ಎಂಬಿ ಆಗುತ್ತದೆ. ಹೊರಡುವ ಮುಂಚೆ ಚಾರ್ಜ್ ಎಷ್ಟಿದೆ, ಖಾಲಿ ಜಾಗ ಎಷ್ಟಿದೆ ನೋಡಿಕೊಳ್ಳಿ.

ತಂತಿ ಇರುವ ಸಾದಾ ಕಾಲರ್ ಮೈಕೇ ಸಾಕು. ಬಾಯಿಂದ ಒಂದು ಗೇಣು ಕೆಳಗೆ ಸಿಕ್ಕಿಸಬೇಕು. ಸೀರೆ ಉಟ್ಟವರಿಗೆ ಸೆರಗಿನ ಅಂಚಿಗೆ ಹಾಕಿದರೆ ಸೆರಗು ಸರಿದಾಗಲೆಲ್ಲ ಪರಪರ ಸದ್ದು ಬರುತ್ತದೆ. ಭುಜದ ಮೇಲೆ ಪಿನ್ನು ಹಾಕಿದ ಜಾಗದ ಹತ್ತಿರ ನಿಲ್ಲುತ್ತದೆ. ತಾಳಿ, ಸರ, ಕಂಪನಿ ಐಡಿ ಕಾರ್ಡು ಮೈಕಿಗೆ ತಾಗದಂತೆ ಪಕ್ಕಕ್ಕೆ ಸರಿಸಿಕೊಳ್ಳಲು ಹೇಳಿ. ಮೈಕನ್ನು ಅವರ ಕೈಗೆ ಕೊಡಿ, ಅವರೇ ಸಿಕ್ಕಿಸಿಕೊಳ್ಳಲಿ.

ಬೆಂಗಳೂರಿನಲ್ಲಿ ಸದ್ದಿಲ್ಲದ ಜಾಗ ಹುಡುಕುತ್ತಾ ಕೂತರೆ ಕೆಲಸ ಆಗುವುದಿಲ್ಲ. ಬಸ್ಸಿನ ಹಾರ್ನು, ಹೊಲಿಗೆ ಮೆಷೀನಿನ ಸದ್ದು ಹಿಂದೆ ಇದ್ದರೆ ಇರಲಿ, ಅದು ಆ ಕೆಲಸದ್ದೇ ಸದ್ದು. ಮಾತನ್ನು ನುಂಗಿಹಾಕುವುದು ತಲೆ ಮೇಲಿನ ಫ್ಯಾನು, ಮಿಕ್ಸಿ, ಕುಕ್ಕರಿನ ಸೀಟಿ, ತಗಡಿನ ಶೀಟಿನ ಮೇಲೆ ಬೀಳುವ ಮಳೆ. ಫ್ಯಾನು ಆರಿಸಿ. ಟೈಲ್ಸ್ ಹಾಕಿದ ಖಾಲಿ ಕೋಣೆಯಲ್ಲಿ ಮಾತು ಮಾರ್ದನಿಸುತ್ತದೆ, ಬಟ್ಟೆಗಂಟು, ಹಾಸಿಗೆ ಇರುವ ಕೋಣೆ ಒಳ್ಳೆಯದು. ಇಸ್ತ್ರಿ ಅಂಗಡಿ ಈ ಲೆಕ್ಕದಲ್ಲಿ ಪುಕ್ಕಟೆ ಸಿಗುವ ಸ್ಟುಡಿಯೋ. ರಸ್ತೆಬದಿಯಾದರೆ ಅವರನ್ನು ರಸ್ತೆಗೆ ಬೆನ್ನು ಮಾಡಿ ಕೂರಿಸಿ, ಮೈಕಿಗೆ ಸ್ಪಂಜಿನ ಟೋಪಿ ಹಾಕಿ. 1 ನಿಮಿಷ ರೆಕಾರ್ಡ್ ಮಾಡಿ ಇಯರ್‌ಫೋನಿನಲ್ಲಿ ಕೇಳಿ ನೋಡಿದ ಮೇಲೆಯೇ ಮುಂದುವರಿಯಿರಿ.

ಇನ್ನೊಂದು ಕಾಟ ನಮ್ಮದೇ. ಕಥೆ ಹೇಳುವವರಿಗೆ ಹೂಂಗುಟ್ಟುವುದು ನಮಗೆ ಅಜ್ಜಿ ಕಾಲದಿಂದ ಬಂದ ಅಭ್ಯಾಸ. ರೆಕಾರ್ಡಿಂಗಿನಲ್ಲಿ ಆ ‘ಹೂಂ, ಹೂಂ, ಹೌದಾ, ಅಯ್ಯೋ’ ಎಲ್ಲವೂ ಅವರ ಮಾತಿನ ಮೇಲೆ ಬಿದ್ದು, ಬರೆದುಕೊಳ್ಳುವಾಗ ಒಂದು ಪದವೂ ಕೇಳಿಸದಂತೆ ಮಾಡುತ್ತದೆ. ಬಾಯಿ ಮುಚ್ಚಿಕೊಂಡು ತಲೆಯಾಡಿಸಿ, ಕಣ್ಣಲ್ಲೇ ಹೂಂಗುಟ್ಟಿ.

ನಿನ್ನೆಯ ದಿನ ಕೇಳಿ

‘ದಿನಾ ಏನು ಮಾಡ್ತೀರಿ’ ಅಂದರೆ ಸಾರಾಂಶ ಬರುತ್ತದೆ. ‘ನಿನ್ನೆ ಏನು ಮಾಡಿದ್ರಿ’ ಅಂದರೆ ದಿನ ಬರುತ್ತದೆ. ಏಳುವುದರಿಂದ ಹಿಡಿದು ಮಲಗುವ ತನಕ ನಿನ್ನೆಯನ್ನೇ ಹಿಡಿದು ನಡೆಸಿ. ನಿನ್ನೆ ರಜೆ ಇದ್ದರೆ ಮೊನ್ನೆ. ಒಂದು ಮಾತು ಹೇಗೆ ಬಿಚ್ಚಿಕೊಳ್ಳುತ್ತದೆ ನೋಡಲು ಮಾದರಿಗೆ ಒಂದು ತುಣುಕು, ಹೂವು ಮಾರುವವರೊಬ್ಬರ ಜೊತೆ ಎಂದುಕೊಳ್ಳಿ:

— ನಿನ್ನೆ ಮಾರ್ಕೆಟ್‌ಗೆ ಎಷ್ಟೊತ್ತಿಗೆ ಹೋದ್ರಿ ಅಕ್ಕ?
— ನಾಕು ಗಂಟೆಗೆ ಎದ್ದೆ. ಮಲ್ಗೆ ಮುಟ್ಟಂಗಿರ್ಲಿಲ್ಲ, ಕಾಕ್ಡ ತಂದೆ.
— ಮುಟ್ಟಂಗಿರ್ಲಿಲ್ಲ ಅಂದ್ರೆ?
— ರೇಟು. ಶುಕ್ರವಾರ ಬತ್ತಿತ್ತಲ್ಲ.
— ಒಂದು ಕೆಜಿ ಕಟ್ಟಿದ್ರೆ ಎಷ್ಟು ಮಾರು ಬರುತ್ತೆ?
— ಒತ್ತಾಗ್ ಕಟ್ಟಿದ್ರೆ ಒಂದ್ ಲೆಕ್ಕ, ಬಿಟ್ಟು ಕಟ್ಟಿದ್ರೆ ಒಂದ್ ಲೆಕ್ಕ. ನಾವು ಇಷ್ಟು ಬಿಡ್ತೀವಿ.
— ಒಂದು ಬೆರಳಗಲ?
— ಹೂಂ, ಒಂದ್ ಬೆರಳು. ಹತ್ರ ಕಟ್ಟಿದ್ರೆ ನಮಗ್ ಗಿಟ್ಟಲ್ಲ, ದೂರ ಕಟ್ಟಿದ್ರೆ ಅವ್ರು ತಗಳಲ್ಲ.

ಈ ಏಳೆಂಟು ಸಾಲಿನಲ್ಲಿ ಕೇಳುವವರು ಮೂರು ಕೆಲಸ ಮಾಡಿದ್ದಾರೆ. ‘ಮುಟ್ಟಂಗಿರ್ಲಿಲ್ಲ’ ಎಂಬುದು ಅರ್ಥವಾದಂತೆ ಕಂಡರೂ ಬಿಡದೆ ಕೇಳಿದ್ದಾರೆ. ಹೂವಿನವರ ಅಳತೆಯಾದ ಮಾರನ್ನೇ ಬಳಸಿದ್ದಾರೆ, ಮೀಟರಿಗೆ ತಿರುಗಿಸಿಲ್ಲ. (ನಾಲ್ಕು ಮೊಳಕ್ಕೆ ಒಂದು ಮಾರು. ಮಾರುವವರ ಮೊಳ, ಕೊಳ್ಳುವವರ ಮೊಳ ಯಾವಾಗಲೂ ಒಂದೇ ಆಗಿರುವುದಿಲ್ಲ ಎಂಬುದು ಬೇರೆ ವಿಚಾರ.) ಮೂರನೆಯದು ಎಲ್ಲಕ್ಕಿಂತ ಮುಖ್ಯ. ‘ಇಷ್ಟು’ ಎಂದು ಬೆರಳು ತೋರಿಸಿದಾಗ ಅದನ್ನು ಬಾಯಲ್ಲಿ ಹೇಳಿಸಿದ್ದಾರೆ. ಕೈಕೆಲಸದವರ ಅರ್ಧ ಮಾತು ಕೈಯಲ್ಲೇ ಇರುತ್ತದೆ. ‘ಇಂಗ್ ಹಿಡ್ಕೊಂಡು, ಇಂಗ್ ತಿರುಗ್ಸಿ, ಇಷ್ಟೇ’ ಎಂಬುದನ್ನು ಮನೆಗೆ ಬಂದು ಕೇಳಿದರೆ ಏನೂ ತಿಳಿಯುವುದಿಲ್ಲ. ಆದ್ದರಿಂದ ‘ಎಡಗೈಯಲ್ಲಾ? ಹೆಬ್ಬೆರಳಿನ ಮೇಲಾ?’ ಎಂದು ಆ ಕೂಡಲೇ ಕೇಳಿ. ಪ್ರಶ್ನೆ ಪೆದ್ದಾಗಿ ಕಂಡರೂ ಚಿಂತೆ ಇಲ್ಲ.

ಕೆಲಸದ ಸಾಮಾನು ಕೈಯಲ್ಲಿದ್ದರೆ ಮಾತು ತಾನಾಗಿ ಬರುತ್ತದೆ. ಇಸ್ತ್ರಿಯವರ ಮುಂದೆ ಪೆಟ್ಟಿಗೆ ಇದ್ದರೆ ಇದ್ದಿಲಿಗೆ ಕೆಂಡ ಹಚ್ಚುವುದು, ತೆಂಗಿನ ಚಿಪ್ಪು ಹಾಕುವುದು, ಬೂದಿ ಹಾರಿ ಬಿಳಿ ಶರಟಿಗೆ ಕೂತದ್ದು, ಗ್ಯಾಸಿನ ಪೆಟ್ಟಿಗೆಗೆ ಬದಲಾಗಬೇಕೋ ಬೇಡವೋ, ಎಲ್ಲ ಒಂದರ ಹಿಂದೆ ಒಂದು ಬರುತ್ತವೆ. ನಿವೃತ್ತರಾದ ಅಪ್ಪನ ಎದುರು ಹಳೆಯ ಗುರುತಿನ ಚೀಟಿ, ಟಿಫಿನ್ ಕ್ಯಾರಿಯರ್, ಕಾರ್ಖಾನೆಯಲ್ಲಿ ಕೊಟ್ಟ ಗಡಿಯಾರ ಇಡಿ. ‘ಶಿಫ್ಟ್ ಹೇಗಿತ್ತು’ ಎಂಬ ಪ್ರಶ್ನೆಗಿಂತ ಆ ಟಿಫಿನ್ ಕ್ಯಾರಿಯರ್ ಹೆಚ್ಚು ಮಾತಾಡಿಸುತ್ತದೆ.

ನಿನ್ನೆಯ ದಿನ ಮುಗಿದ ಮೇಲೆ ಈ ಪ್ರಶ್ನೆಗಳನ್ನು ಕೇಳಿ. ಕೆಲಸ ಕಲಿಸಿಕೊಟ್ಟವರು ಯಾರು, ಮೊದಲು ಏನು ಮಾಡಲು ಬಿಟ್ಟರು? ಹೊಸಬರು ಎಲ್ಲಿ ತಪ್ಪುತ್ತಾರೆ? ಕೆಲಸ ಕೆಟ್ಟಿದೆಯೋ ಸರಿಯಾಗಿದೆಯೋ ನಿಮಗೆ ಹೇಗೆ ಗೊತ್ತಾಗುತ್ತದೆ, ನೋಡಿಯೋ, ಮುಟ್ಟಿಯೋ, ಸದ್ದು ಕೇಳಿಯೋ? ಸಂಜೆಗೆ ಮೈಯಲ್ಲಿ ಎಲ್ಲಿ ನೋಯುತ್ತದೆ? ಮೂತ್ರಕ್ಕೆ ಎಲ್ಲಿ ಹೋಗುತ್ತೀರಿ? ಕೊನೆಯದನ್ನು ಕೇಳಲು ಮುಜುಗರವಾಗಬಹುದು, ಹೆಂಗಸರು ಕೇಳಿದರೆ ಹೆಂಗಸರು ಹೇಳುತ್ತಾರೆ. ಬೀದಿ ವ್ಯಾಪಾರದವರು, ಪೌರಕಾರ್ಮಿಕರು ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂಬುದನ್ನು ಎಷ್ಟೋ ಸಲ ಅದೇ ತೀರ್ಮಾನಿಸುತ್ತದೆ.

ಪ್ರಶ್ನೆಪಟ್ಟಿಯನ್ನು ಕೈಯಲ್ಲಿ ಹಿಡಿದು ಓದಬೇಡಿ. ಐದಾರು ಪದ ನೋಟ್‌ಬುಕ್ಕಿನ ಮೂಲೆಯಲ್ಲಿ ಬರೆದಿಟ್ಟುಕೊಂಡರೆ ಸಾಕು. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ, ಮನಸ್ಸಿನಲ್ಲೇ ಹತ್ತು ಎಣಿಸಿ. ಏಳೆಂಟಕ್ಕೆಲ್ಲ ಅವರೇ ಮತ್ತೆ ಶುರು ಮಾಡುತ್ತಾರೆ. ‘ಕಷ್ಟ ಆಗುತ್ತಲ್ವಾ?’ ಎಂದು ಉತ್ತರವನ್ನು ಬಾಯಿಗಿಟ್ಟು ಕೇಳಿದರೆ ‘ಹೌದು ಸಾರ್, ಕಷ್ಟ’ ಎಂದು ಮುಗಿಸುತ್ತಾರೆ. ಅದು ನಿಮ್ಮದೇ ಮಾತು, ಅವರದಲ್ಲ.

ಇಸವಿ ಕೇಳಬೇಡಿ, ಗಲಾಟೆ ಕೇಳಿ

‘ಯಾವ ಇಸವಿಯಲ್ಲಿ ಕೆಲಸಕ್ಕೆ ಸೇರಿದ್ರಿ?’ ಅಂದರೆ ಸುಮ್ಮನೆ ಒಂದು ಅಂದಾಜು ಬರುತ್ತದೆ. ಊರಿಗೆಲ್ಲ ನೆನಪಿರುವ ಘಟನೆಯ ಹಿಂದೆಯೋ ಮುಂದೆಯೋ ಎಂದು ಕೇಳಿದರೆ ತಿಂಗಳ ತನಕ ನಿಖರವಾಗಿ ಸಿಗುತ್ತದೆ. ಸಾರ್ವಜನಿಕ ಉದ್ಯಮಗಳಲ್ಲಿ ದುಡಿದವರಿಗೆ 1980ರ ಡಿಸೆಂಬರಿನಲ್ಲಿ ಶುರುವಾಗಿ 1981ರ ಮಾರ್ಚ್ ತನಕ ನಡೆದ 77 ದಿನದ ಮುಷ್ಕರ ಗಟ್ಟಿ ಗೂಟ, ಅದರ ನಡುವೆಯೇ ಫೆಬ್ರವರಿಯಲ್ಲಿ ವೀನಸ್ ಸರ್ಕಸ್ಸಿಗೆ ಬೆಂಕಿ ಬಿತ್ತು. ಆಮೇಲೆ 1982ರ ಗೋಕಾಕ್ ಚಳವಳಿ, 1983ರಲ್ಲಿ ಗಂಗಾರಾಮ್ ಕಟ್ಟಡ ಕುಸಿದದ್ದು, 1991ರ ಡಿಸೆಂಬರಿನ ಕಾವೇರಿ ಗಲಾಟೆ. ಬಸ್ಸಿನವರಾದರೆ ಬಿಟಿಎಸ್ ಹೋಗಿ ಬಿಎಂಟಿಸಿ ಆದದ್ದು 1997. ಅಣ್ಣಾವ್ರನ್ನು ವೀರಪ್ಪನ್ ಹೊತ್ತೊಯ್ದದ್ದು 2000ದ ಜುಲೈ 30, ತೀರಿಕೊಂಡದ್ದು 2006ರ ಏಪ್ರಿಲ್ 12. ಆ ಎರಡು ದಿನ ತಾವು ಎಲ್ಲಿ ಸಿಕ್ಕಿಹಾಕಿಕೊಂಡಿದ್ದೆವು ಎಂಬುದನ್ನು ಬೆಂಗಳೂರಿನ ಡ್ರೈವರುಗಳು ಮರೆಯುವುದಿಲ್ಲ. ಟ್ಯಾಕ್ಸಿಯವರಿಗೆ ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದ 2008ರ ಮೇ, ಆಟೋದವರಿಗೆ ಮೆಟ್ರೋ ಓಡಿದ 2011ರ ಅಕ್ಟೋಬರ್. ಗಾರ್ಮೆಂಟ್ಸ್ ಹೆಣ್ಣುಮಕ್ಕಳಿಗೆ 2016ರ ಏಪ್ರಿಲ್, ಪಿಎಫ್ ದುಡ್ಡಿನ ಹೊಸ ನಿಯಮದ ವಿರುದ್ಧ ಸಾವಿರಾರು ಜನ ರಸ್ತೆಗಿಳಿದು ಸರ್ಕಾರ ಅದನ್ನು ವಾಪಸ್ ತೆಗೆದುಕೊಂಡ ತಿಂಗಳು. ನೋಟು ರದ್ದಾದದ್ದು ಅದೇ ವರ್ಷದ ನವೆಂಬರ್ 8. ಲಾಕ್‌ಡೌನ್ ಎಲ್ಲರಿಗೂ ಗೊತ್ತು, ಆದರೆ 2020ರದೋ 2021ರದೋ ಕೇಳಿಕೊಳ್ಳಿ, ಎರಡೂ ಕಲಸಿಹೋಗಿವೆ.

ಹಳೆಯ ಹೆಸರುಗಳನ್ನೂ ತಿದ್ದಬೇಡಿ. ಅವರು ಕೆಂಪೇಗೌಡ ಬಸ್ ನಿಲ್ದಾಣ ಅನ್ನುವುದಿಲ್ಲ, ಮೆಜೆಸ್ಟಿಕ್ ಅನ್ನುತ್ತಾರೆ. ಹಾಗೇ ಇರಲಿ.

ದುಡ್ಡಿನ ವಿಚಾರ ಹಿಂದಿನಿಂದ ಬನ್ನಿ. ‘ಈಗ ಎಷ್ಟು ಸಂಬಳ’ ಎಂದು ನೇರವಾಗಿ ಕೇಳಿದರೆ ಅರ್ಧ ಸುಳ್ಳು, ಅರ್ಧ ಮೌನ. ಮೊದಲ ತಿಂಗಳ ಸಂಬಳವನ್ನು ಯಾರೂ ಮುಚ್ಚಿಡುವುದಿಲ್ಲ. ಅದರಲ್ಲಿ ಏನು ತಂದರು, ಯಾರ ಕೈಗೆ ಕೊಟ್ಟರು ಎಂಬುದೂ ನಗುನಗುತ್ತಾ ಬರುತ್ತದೆ. ಅಲ್ಲಿಂದ ಮುಂದಕ್ಕೆ ನಡೆಸಿಕೊಂಡು ಬನ್ನಿ. ಸಂಬಳ ಎಷ್ಟು ಎಂಬುದಕ್ಕೂ ಕೈಗೆ ಎಷ್ಟು ಬರುತ್ತದೆ ಎಂಬುದಕ್ಕೂ ಪಿಎಫ್, ಇಎಸ್‌ಐ, ಮುಂಗಡದ ಕಡಿತ ಇರುತ್ತದೆ, ಎರಡನ್ನೂ ಬೇರೆಬೇರೆ ಬರೆದುಕೊಳ್ಳಿ. ಸ್ವಂತ ವ್ಯಾಪಾರದವರಲ್ಲಿ ಒಂದು ದಿನದ ಲೆಕ್ಕ ಕೇಳಿ: ಎಷ್ಟಕ್ಕೆ ತಂದ್ರಿ, ಎಷ್ಟಕ್ಕೆ ಮಾರಿದ್ರಿ, ಎಷ್ಟು ಬಾಡಿತು, ಎಷ್ಟು ಬಡ್ಡಿಗೆ ಹೋಯ್ತು. ಚೀಟಿ ಹಾಕಿದ್ದಾರಾ ಕೇಳಲು ಮರೆಯಬೇಡಿ.

ಕೇಳಿ ಬರೆಯುವುದು

ಮನೆಗೆ ಬಂದ ದಿನವೇ ಫೈಲಿಗೆ ಹೆಸರಿಡಿ, 2025-06-15-ಹೂವು-01 ಹೀಗೆ, ಇಸವಿ ಮುಂದೆ ಇರಲಿ, ಸಾಲಾಗಿ ಜೋಡಿಸಿಕೊಳ್ಳುತ್ತದೆ. ಫೈಲಿನ ಹೆಸರಿನಲ್ಲಿ ಮನುಷ್ಯರ ಹೆಸರು ಬೇಡ. ಮೂರು ಕಡೆ ಇಡಿ, ಫೋನು, ಕಂಪ್ಯೂಟರ್, ಪೆನ್‌ಡ್ರೈವ್. ವಾಟ್ಸ್‌ಆ್ಯಪಿನಲ್ಲಿ ಕಳಿಸುವುದಾದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿ.

1 ಗಂಟೆಯ ಮಾತನ್ನು ಅಕ್ಷರಕ್ಕಿಳಿಸಲು 5ರಿಂದ 6 ಗಂಟೆ ಹಿಡಿಯುತ್ತದೆ, ಒಂದೇ ದಿನ ಮುಗಿಸಲು ಹೋಗಬೇಡಿ. ಫೋನಿನ ವಾಯ್ಸ್ ಟೈಪಿಂಗ್‌ಗೆ ಟೀವಿ ವಾರ್ತೆಯ ಕನ್ನಡ ಅರ್ಥವಾಗುತ್ತದೆ. ತೆಲುಗು, ತಮಿಳು, ಉರ್ದು ಬೆರೆತ ಮಾರ್ಕೆಟ್ ಕನ್ನಡ ಕೇಳಿಸಿದರೆ ಅದು ತೋಚಿದ್ದು ಬರೆಯುತ್ತದೆ. ಮೊದಲ ಕರಡಿಗೆ ಬಳಸಿದರೂ ಪ್ರತಿ ಸಾಲನ್ನೂ ಕೇಳಿ ತಿದ್ದಬೇಕು. ಯೂನಿಕೋಡಿನಲ್ಲೇ ಟೈಪ್ ಮಾಡಿ. ‘ನುಡಿ’, ‘ಬರಹ’ ಎಂಬ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಹೊಡೆದದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಗೀಚಿದ ಹಾಗೆ ಕಾಣುತ್ತದೆ.

‘ಬತ್ತೀನಿ’ ಎಂದದ್ದನ್ನು ‘ಬರುತ್ತೇನೆ’ ಮಾಡುವುದು ತಿದ್ದುವುದಲ್ಲ, ಅವರ ಬಾಯಿ ಕಿತ್ತುಕೊಳ್ಳುವುದು. ಹಾಗಂತ ಪ್ರತಿ ಉಸಿರನ್ನೂ ಬರೆದು, ಒಂದೊಂದು ಪದವನ್ನೂ ವಿಕಾರ ಮಾಡಿ ತೋರಿಸಿದರೆ ಅದು ಅಣಕವಾಗುತ್ತದೆ. ಕ್ರಿಯಾಪದ, ಕೆಲಸದ ಪದ, ಗಾದೆ, ಬೈಗುಳ ಇದ್ದಂತೆ ಉಳಿಸಿ. ‘ಅದು, ಅದೇನಂದ್ರೆ, ಅದು’ ಎಂದು ಮೂರು ಸಲ ಬಂದದ್ದನ್ನು ಒಂದು ಸಲಕ್ಕೆ ಇಳಿಸಿ. ಕೇಳಿಸದ ಜಾಗದಲ್ಲಿ ಊಹಿಸಿ ತುಂಬದೆ ಚೌಕ ಆವರಣದಲ್ಲಿ ‘ಕೇಳಿಸುತ್ತಿಲ್ಲ, 23:40’ ಎಂದು ಹೊತ್ತು ಹಾಕಿ. ಕಾಜಾ, ಓವರ್‌ಲಾಕ್, ಟಾರ್ಗೆಟ್, ಕುಚ್ಚು, ನಾರು, ಮಾಮೂಲು, ಇಂಥ ಪದಗಳಿಗೆ ನೋಟ್‌ಬುಕ್ಕಿನ ಹಿಂದಿನಿಂದ ಒಂದು ಪಟ್ಟಿ ಬೆಳೆಸಿ, ಅರ್ಥ ಅವರದೇ ಮಾತಿನಲ್ಲಿರಲಿ. ನಿಘಂಟಿನಲ್ಲಿ ಇವುಗಳ ಅರ್ಧದಷ್ಟೂ ಸಿಗುವುದಿಲ್ಲ.

ಹೆಸರು ತೆಗೆದರೆ ಗುರುತು ಹೋಯಿತು ಎಂದುಕೊಳ್ಳಬೇಡಿ. ‘ಆ ರಸ್ತೆಯಲ್ಲಿ ಪಂಕ್ಚರ್ ಹಾಕುವ ಒಬ್ಬಳೇ ಹೆಂಗಸು’ ಅಂದರೆ ಹೆಸರಿನ ಅಗತ್ಯವೇ ಇಲ್ಲ. ಸೂಪರ್‌ವೈಸರ್ ಹೆಸರು, ಫ್ಯಾಕ್ಟರಿ ಹೆಸರು, ಲೈನ್ ನಂಬರು, ಮಕ್ಕಳ ಸ್ಕೂಲು, ಮನೆ ಇರುವ ಅಡ್ಡರಸ್ತೆ, ಯಾರಿಗೆ ಎಷ್ಟು ಮಾಮೂಲು ಕೊಟ್ಟರು ಎಂಬುದು, ಇಷ್ಟನ್ನೂ ಒಂದೊಂದಾಗಿ ನೋಡಿ ತೆಗೆಯಿರಿ ಅಥವಾ ಬದಲಿಸಿ. ಮಾತಿನ ನಡುವೆ ‘ಇದು ಹಾಕ್ಬೇಡಿ’ ಎಂದದ್ದರ ಹೊತ್ತನ್ನು ಆಗಲೇ ಗುರುತು ಹಾಕಿಕೊಂಡಿರಬೇಕು, ಆ ಭಾಗವನ್ನು ಬರಹದಿಂದ ಮಾತ್ರವಲ್ಲ, ಫೈಲಿನಿಂದಲೂ ಕತ್ತರಿಸಿ.

ಕೊನೆಗೆ ಬರೆದದ್ದನ್ನು ತೆಗೆದುಕೊಂಡು ಮತ್ತೆ ಅವರ ಹತ್ತಿರ ಹೋಗಿ. ಓದಲು ಬರುವವರಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ಹಾಕಿಸಿ ಕೊಡಿ, ಬಾರದವರಿಗೆ ನೀವೇ ಓದಿ ಹೇಳಿ. ‘ಹಂಗಲ್ಲ ನಾನೇಳಿದ್ದು’ ಎಂದು ಒಂದೆರಡು ಕಡೆ ತಡೆಯುತ್ತಾರೆ, ತಡೆದು ಬಿಡಿಸಿ ಹೇಳುವಾಗ ಮೊದಲ ದಿನ ಬಾರದ ಮಾತು ಬರುತ್ತದೆ. ಅದಕ್ಕೇ, ಓದಿ ಹೇಳಲು ಕೂರುವ ಮುಂಚೆ ಅವರನ್ನು ಕೇಳಿ ರೆಕಾರ್ಡರ್ ಮತ್ತೆ ಆನ್ ಮಾಡಿಟ್ಟುಕೊಳ್ಳಿ.